ಚೆನ್ನಮ್ಮನ ಸಮಾಧಿಗೆ ಎಂಥ ತೋಟ?

ಬೈಲಹೊಂಗಲದಲ್ಲಿ ಇಂಗ್ಲಿಷರ ಸೆರೆಯಲ್ಲಿದ್ದಾಗಲೇ, 1829ರ ಫೆಬ್ರವರಿಯಲ್ಲಿ, ಕಿತ್ತೂರಿನ ರಾಣಿ ಚೆನ್ನಮ್ಮ ಕಣ್ಮುಚ್ಚಿದಳು. ಸಮಾಧಿಯ ಸುತ್ತ ಈಗ ಉದ್ಯಾನವಿದೆ. ನಮ್ಮ ಕಡೆ ಸ್ಮಾರಕದ ಉದ್ಯಾನ ಎಂದಕೂಡಲೇ ಹುಲ್ಲುಹಾಸು, ಕತ್ತರಿಸಿ ಸಮ ಮಾಡಿದ ಬೇಲಿಗಿಡ, ನಡುವೆ ಪ್ರತಿಮೆ. ಈ ಅಚ್ಚು ಇಂಗ್ಲಿಷರಿಂದ ಬಂದದ್ದು. ಅವರ ತೋಟದ ಕಲೆಯಲ್ಲಿ ಹಿರಿದಾದದ್ದನ್ನು ಬಿಟ್ಟು, ನಮ್ಮ ನೆಲಕ್ಕೆ ಒಗ್ಗದ್ದನ್ನೇ ಹಿಡಿದೆವಲ್ಲ ಎಂಬುದು ನನ್ನ ತಕರಾರು.

ಬಕಿಂಗ್‌ಹ್ಯಾಮ್‌ಶೈರಿನ ಸ್ಟೋವ್ ತೋಟವನ್ನೇ ನೋಡಿ. 1730ರ ದಶಕದಲ್ಲಿ ವಿಲಿಯಂ ಕೆಂಟ್ ಅಲ್ಲಿ ನಾಡಿನ ಹಿರಿಯರಿಗೊಂದು ಕಲ್ಲಿನ ಸ್ಮಾರಕ ಕಟ್ಟಿದ. ನ್ಯೂಟನ್, ಷೇಕ್ಸ್‌ಪಿಯರ್, ಆಲ್ಫ್ರೆಡ್ ಸೇರಿ 16 ಮಂದಿಯ ಎದೆಮಟ್ಟದ ಪ್ರತಿಮೆಗಳು. ಹೆಣ್ಣೆಂದರೆ ಮೊದಲ ಎಲಿಜಬೆತ್ ರಾಣಿ ಒಬ್ಬಳೇ. ಮರಗಳ ನಡುವೆ, ನೀರಿನ ದಂಡೆಯಲ್ಲಿ ಅದು ನಿಂತಿದೆ. ನಡೆಯುತ್ತ ಹೋದವನಿಗೆ ತೋಟವೇ ಕಥೆ ಹೇಳುತ್ತದೆ.

ಅದೇ ತೋಟಕ್ಕೆ 1741ರಲ್ಲಿ ಬಂದ ತೋಟಗಾರ ‘ಕೇಪಬಿಲಿಟಿ’ ಬ್ರೌನ್ ಮುಂದೆ ಶ್ರೀಮಂತರ ಮನೆಬಾಗಿಲವರೆಗೂ ಹುಲ್ಲು ಹಬ್ಬಿಸಿದ. ವರ್ಷವಿಡೀ ಮಳೆ ಬೀಳುವ ನಾಡು. ಹುಲ್ಲು ತಾನಾಗಿ ಬೆಳೆಯಿತು, ಕುರಿಗಳು ಮೇಯ್ದವು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದದ್ದು 1830ರಲ್ಲಿ, ಚೆನ್ನಮ್ಮ ತೀರಿದ ಮರುವರ್ಷ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಸಿರು ಜಮಖಾನೆ ಹಾಸಿ ದಿನಾ ನೀರು ಹನಿಸುವುದು ನೆಲದೊಂದಿಗೆ ಜಗಳ.

ಕಿತ್ತೂರಿಗೆ ಹೋದಾಗ ಇನ್ನೊಂದು ನೆನಪಾಗುತ್ತದೆ. ಇಂಗ್ಲಿಷ್ ಶ್ರೀಮಂತರು ತೋಟದ ಚೆಲುವಿಗೆಂದು ಸುಳ್ಳು ಪಾಳುಗೋಡೆಗಳನ್ನು ಹೊಸದಾಗಿ ಕಟ್ಟಿಸುತ್ತಿದ್ದರು. ಹ್ಯಾಗ್ಲಿಯಲ್ಲಿ ಸ್ಯಾಂಡರ್ಸನ್ ಮಿಲ್ಲರ್ ಕಟ್ಟಿದ್ದು ಹೆಸರುವಾಸಿ. ಇಲ್ಲಿರುವುದು ಚೆನ್ನಮ್ಮನ ಅರಮನೆಯ ನಿಜವಾದ ಪಾಳು. 1824ರ ಅಕ್ಟೋಬರ್ 23ರಂದು ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಅವಳ ಪಡೆಯೆದುರು ಬಿದ್ದದ್ದು ಇದೇ ಕಿತ್ತೂರಿನಲ್ಲಿ. ಆ ಅರಮನೆಯ ಗೋಡೆಗಳಿಗೆ ಹೂವಿನ ಅಂಚು ಕಟ್ಟುವುದು ಬೇಡವೇ ಬೇಡ.

ಇಂಗ್ಲಿಷ್ ಪಾಠವನ್ನು ಸರಿಯಾಗಿ ಅರಗಿಸಿಕೊಂಡವನು ಜರ್ಮನಿಯ ಕ್ರುಂಬಿಗಲ್. ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಸಿ ನೆಡಿಸಿದ. ಹವೆ ಕೇಳಿ ಗಿಡ ಆರಿಸುವುದು ಅವನ ರೀತಿ.

ಚೆನ್ನಮ್ಮನ ಬಳಿಯೂ ಬೇವು, ಹುಣಸೆ, ಬನ್ನಿ ಬೆಳೆಯಲಿ. ಮುತ್ತಲವಂತೂ ಇರಲೇಬೇಕು. ಎರೆಮಣ್ಣಿಗೆ ಅಂಜದ ಗಿಡ ಅದು. ಅವಳ ಪುಣ್ಯತಿಥಿಯ ಆಸುಪಾಸಿನಲ್ಲಿ ಎಲೆ ಕಳಚಿಕೊಂಡು, ಕಪ್ಪು ಮೊಗ್ಗಿನಿಂದ ಬೆಂಕಿಬಣ್ಣದ ಹೂ ಬಿಚ್ಚತೊಡಗುತ್ತದೆ.