ಹೆಸರಿನ ಪಟ್ಟಿಗೆ ಕಾಣದವರು

ಬ್ರಿಟನ್ನಿನ ವೈಜ್ಞಾನಿಕ ಕಥೆಗಳ ಅಭಿಮಾನಿ ಬಳಗದ ಚರಿತ್ರೆಯನ್ನು ಸಾಮಾನ್ಯವಾಗಿ 1937ರ ಜನವರಿ 3ರಿಂದ ಹೇಳಲು ತೊಡಗುತ್ತಾರೆ. ಅಂದು ಲೀಡ್ಸ್ ನಗರದ ಥಿಯಸಾಫಿಕಲ್ ಹಾಲ್‌ನಲ್ಲಿ ಸೇರಿದ ಪುಟ್ಟ ಗುಂಪೊಂದು ಸೈನ್ಸ್ ಫಿಕ್ಷನ್ ಅಸೋಸಿಯೇಷನ್ನನ್ನು ಕಟ್ಟಿತು. ಮುಂದಿನ ಪುಟಗಳಲ್ಲಿ ವಾಲ್ಟರ್ ಗಿಲಿಂಗ್ಸ್, ಮೌರಿಸ್ ಹ್ಯಾನ್ಸನ್, ಟೆಡ್ ಕಾರ್ನೆಲ್, ವಿಲಿಯಂ ಟೆಂಪಲ್, ಆರ್ಥರ್ ಸಿ. ಕ್ಲಾರ್ಕ್ ಬರುತ್ತಾರೆ. ಹೆಂಗಸರು ಬಂದರೂ ಯಾರದೋ ಹೆಂಡತಿಯಾಗಿ, ಯಾರದೋ ತಂಗಿಯಾಗಿ ಬಂದು ಮರೆಯಾಗುತ್ತಾರೆ. ಈ ಪಟ್ಟಿಯನ್ನು ನೋಡಿದವರು ಸುಲಭವಾದ ತೀರ್ಮಾನವೊಂದಕ್ಕೆ ಬಂದುಬಿಡುತ್ತಾರೆ: ಭವಿಷ್ಯದ ಕಲ್ಪನೆ ಆಗ ಗಂಡು ಹುಡುಗರ ಹುಚ್ಚಾಗಿತ್ತು, ಹೆಂಗಸರಿಗೆ ಅದು ಬೇಕಿರಲಿಲ್ಲ. ನನ್ನ ತಕರಾರು ಈ ತೀರ್ಮಾನದ ಮೇಲೆ. ಹೆಸರುಗಳನ್ನು ಎಣಿಸಿದರೆ ಒಂದು ಕಾಲದ ಆಸಕ್ತಿ ತಿಳಿಯುತ್ತದೆ ಎಂಬ ನಂಬಿಕೆಯೇ ಇಲ್ಲಿ ದಾರಿ ತಪ್ಪಿಸಿದೆ.

ಬಳಗ ನಡೆಯುತ್ತಿದ್ದ ರೀತಿಯನ್ನು ಮೊದಲು ನೋಡಬೇಕು. ಅಮೆರಿಕದ ಅಗ್ಗದ ಪತ್ರಿಕೆಗಳು ವೂಲ್‌ವರ್ತ್ಸ್ ಅಂಗಡಿಗಳಲ್ಲಿ ಮೂರು ಪೆನ್ಸ್‌ಗೆ ಸಿಗುತ್ತಿದ್ದವು. ಓದಿದವರು ಸಂಪಾದಕರಿಗೆ ಬರೆದ ಪತ್ರಗಳಿಂದ ಪರಸ್ಪರ ಪರಿಚಯವಾಗಿ, ಊರೂರಿನಲ್ಲಿ ಗುಂಪು ಕಟ್ಟಿಕೊಂಡರು. ಲಂಡನ್ನಿನ ಗ್ರೇಸ್ ಇನ್ ರಸ್ತೆಯಲ್ಲಿ ಕ್ಲಾರ್ಕ್, ಟೆಂಪಲ್, ಹ್ಯಾನ್ಸನ್ ಹಂಚಿಕೊಂಡಿದ್ದ ಬ್ರಹ್ಮಚಾರಿಗಳ ಮನೆ ಮತ್ತು ಹತ್ತಿರದ ಪಬ್ಬು ಇವರ ಅಡ್ಡಾಗಳಾಗಿದ್ದವು. ಯುದ್ಧ ಇದೆಲ್ಲವನ್ನೂ ಕೆಡಿಸಿತು. ಗಂಡಸರು ಸೈನ್ಯಕ್ಕೆ ಹೋದರು, ಅಮೆರಿಕದ ಪತ್ರಿಕೆಗಳು ಬರುವುದು ನಿಂತಿತು, 1940ರಲ್ಲಿ ಕಾಗದಕ್ಕೂ ನಿಯಂತ್ರಣ ಬಂತು. ಆಗ ಬಳಗದ ಉಸಿರು ಉಳಿಸಿದ್ದು ಲೀಡ್ಸ್‌ನ ಜೆ. ಮೈಕೆಲ್ ರೋಸನ್‌ಬ್ಲಮ್. ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲೊಪ್ಪದ ಆತ ಹೊಲದ ಕೆಲಸ ಮಾಡುತ್ತಲೇ 1940ರಿಂದ 1945ರವರೆಗೆ 'ಫ್ಯೂಚೂರಿಯನ್ ವಾರ್ ಡೈಜೆಸ್ಟ್' ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸಿದ. ಇತರರ ಪುಟ್ಟ ಪತ್ರಿಕೆಗಳನ್ನೂ ತನ್ನದರ ಜೊತೆಗೇ ಅಂಚೆಗೆ ಹಾಕುತ್ತಿದ್ದ. ದೊಡ್ಡ ಕೆಲಸವೇ ಸರಿ. ಆದರೆ ಇಂದು ನಮಗೆ ದಾಖಲೆಯಾಗಿ ಉಳಿದಿರುವುದು ಆ ಹಾಳೆಗಳೇ. ಬರೆದು ಸಹಿ ಹಾಕಿದವರಷ್ಟೇ ಅವುಗಳಲ್ಲಿ ಕಾಣುತ್ತಾರೆ. ಓದಿ ಸುಮ್ಮನಿದ್ದವರು, ಪಬ್ಬಿಗೆ ಹೋಗಲಾರದವರು, ಬಂದವರಿಗೆ ಚಹಾ ಕೊಟ್ಟು ಮಾತಿಗೆ ಕಿವಿಗೊಟ್ಟವರು ಕಾಣುವುದಿಲ್ಲ. 1941ರ ಡಿಸೆಂಬರ್‌ನಲ್ಲಿ ಇಪ್ಪತ್ತರಿಂದ ಮೂವತ್ತರೊಳಗಿನ ಅವಿವಾಹಿತೆಯರನ್ನೂ ಕಡ್ಡಾಯ ಸೇವೆಗೆ ಕರೆಯುವ ಕಾನೂನು ಬಂತು. ಮನೆಯಲ್ಲಿ ಉಳಿದವಳಿಗೆ ರೇಷನ್ನಿನ ಸಾಲು ತಪ್ಪಿದ್ದಲ್ಲ. ಬಿಡುವಿಲ್ಲದವಳ ಮೌನವನ್ನು ಆಸಕ್ತಿಯಿಲ್ಲದವಳ ಮೌನವೆಂದು ಓದುವುದು ನ್ಯಾಯವಲ್ಲ.

ಮೌನದಿಂದ ಏನನ್ನು ಬೇಕಾದರೂ ಸಾಧಿಸಬಹುದಲ್ಲ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಹಾಗಾಗಿ ಮೌನವನ್ನು ಬಿಟ್ಟು ಅಚ್ಚಾದ ಪುಸ್ತಕಗಳಿಗೆ ಬರೋಣ. ಲೀಡ್ಸ್ ಸಭೆ ನಡೆದ 1937ರಲ್ಲೇ ಗೊಲಾಂಜ್ ಪ್ರಕಾಶನದಿಂದ 'ಸ್ವಸ್ತಿಕ ನೈಟ್' ಹೊರಬಂತು. ಏಳುನೂರು ವರ್ಷಗಳ ಆಚೆ ಜಗತ್ತನ್ನು ನಾಜಿಗಳೂ ಜಪಾನೀಯರೂ ಹಂಚಿಕೊಂಡಿದ್ದಾರೆ; ಹಿಟ್ಲರ್ ಹೊಂಗೂದಲಿನ ಎತ್ತರದ ದೇವರಾಗಿದ್ದಾನೆ; ಹೆಂಗಸರನ್ನು ತಲೆ ಬೋಳಿಸಿ, ದೊಡ್ಡಿಗಳಲ್ಲಿ ಕೂಡಿಹಾಕಿ, ಹೆರುವುದಕ್ಕಷ್ಟೇ ಇಟ್ಟುಕೊಂಡಿದ್ದಾರೆ. ಹೆಣ್ಣನ್ನು ಕೀಳಾಗಿ ಕಾಣುವ ಚಾಳಿಯೇ ಫ್ಯಾಸಿಸಂನ ಬೇರು ಎಂದು ಯುದ್ಧಕ್ಕೆ ಎರಡು ವರ್ಷ ಮೊದಲೇ ಇಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಭವಿಷ್ಯದ ಕಾದಂಬರಿ ನನಗೆ ಕಂಡಿಲ್ಲ. ಐವತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಕಂಡಿದ್ದ, ಕಾದಂಬರಿಗಳನ್ನು ಅಪರೂಪಕ್ಕೆ ಆರಿಸುತ್ತಿದ್ದ ಲೆಫ್ಟ್ ಬುಕ್ ಕ್ಲಬ್ 1940ರಲ್ಲಿ ಇದನ್ನು ಮರುಮುದ್ರಿಸಿತು. ಮುಖಪುಟದ ಮೇಲಿದ್ದ ಹೆಸರು ಮುರ್ರೆ ಕಾನ್‌ಸ್ಟಂಟೈನ್. ಬರೆದವಳು ಕ್ಯಾಥರಿನ್ ಬರ್ಡೆಕಿನ್. ಈ ಗುಟ್ಟನ್ನು ವಿದ್ವಾಂಸೆ ಡಾಫ್ನೆ ಪಟಾಯ್ ಹೊರಗೆಳೆದದ್ದು 1980ರ ದಶಕದಲ್ಲಿ. ಎಂದರೆ ನಲವತ್ತಕ್ಕೂ ಹೆಚ್ಚು ವರ್ಷ, ಲೇಖಕಿಯರನ್ನು ಎಷ್ಟೇ ಶ್ರದ್ಧೆಯಿಂದ ಎಣಿಸಿದವರೂ ಈ ಪುಸ್ತಕವನ್ನು ಗಂಡಿನ ಖಾತೆಗೇ ಬರೆದುಕೊಳ್ಳಬೇಕಿತ್ತು.

ಬರ್ಡೆಕಿನ್ ಒಂಟಿಯೂ ಅಲ್ಲ. ಸ್ಟಾರ್ಮ್ ಜೇಮ್ಸನ್ 1936ರ 'ಇನ್ ದ ಸೆಕೆಂಡ್ ಇಯರ್'ನಲ್ಲಿ ಫ್ಯಾಸಿಸ್ಟರ ಕೈಗೆ ಸಿಕ್ಕ ಇಂಗ್ಲೆಂಡನ್ನು ಚಿತ್ರಿಸಿದಳು. ವೀಟಾ ಸ್ಯಾಕ್‌ವಿಲ್-ವೆಸ್ಟ್ 1942ರ 'ಗ್ರ್ಯಾಂಡ್ ಕ್ಯಾನಿಯನ್'ನಲ್ಲಿ ಜರ್ಮನಿ ಯುರೋಪನ್ನು ಗೆದ್ದ ನಂತರದ ಅಮೆರಿಕವನ್ನು ಕಲ್ಪಿಸಿದಳು. ಇವು ರಾಜಕೀಯ ಕಾದಂಬರಿಗಳು, ರಾಕೆಟ್ಟಿಲ್ಲ, ಯಂತ್ರವಿಲ್ಲ, ಹಾಗಾಗಿ ಬಳಗಕ್ಕೂ ಇವಕ್ಕೂ ಸಂಬಂಧವಿಲ್ಲ ಎಂಬ ವಾದವುಂಟು. ಆದರೆ ಬಳಗ ತನ್ನವನೆಂದು ಬರಮಾಡಿಕೊಂಡ ಓಲಾಫ್ ಸ್ಟೇಪಲ್ಡನ್ ಯಾವ ಪತ್ರಿಕೆಯಿಂದ ಬಂದವನು? ತತ್ತ್ವಶಾಸ್ತ್ರದ ಆ ಲೇಖಕ ಅಗ್ಗದ ಪತ್ರಿಕೆಗಳ ಲೋಕದಿಂದ ದೂರವೇ ನಿಂತು 'ಲಾಸ್ಟ್ ಅಂಡ್ ಫಸ್ಟ್ ಮೆನ್' ಬರೆದಿದ್ದ. 1948ರಲ್ಲಿ ಅವನನ್ನು ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯ ವೇದಿಕೆಗೆ ಕರೆಸಿದವನು ಕ್ಲಾರ್ಕ್. ಬೇಲಿ ಅವನಿಗೆ ಸಡಿಲವಾಯಿತು, ಸರಿಯಾಗಿಯೇ ಆಯಿತು. ಅದೇ ಅಳತೆಯನ್ನು ಈ ಹೆಂಗಸರ ಪುಸ್ತಕಗಳಿಗೂ ಹಿಡಿಯಬೇಕೆಂಬುದಷ್ಟೇ ನನ್ನ ವಾದ.

ಬಳಗದವರು ಯಾರಿಗೂ ಬಾಗಿಲು ಹಾಕಿರಲಿಲ್ಲ ಎಂಬ ಇನ್ನೊಂದು ಮಾತನ್ನು ನಾನು ಒಪ್ಪುತ್ತೇನೆ. ಆ ಹುಡುಗರಲ್ಲಿ ದ್ವೇಷವನ್ನು ಹುಡುಕುವುದು ವ್ಯರ್ಥ. ಬಡತನ, ಬಾಂಬು, ಬೇರ್ಪಡುವಿಕೆಯ ನಡುವೆ ಅವರು ಉಳಿಸಿಕೊಂಡ ಗೆಳೆತನ ಮೆಚ್ಚುವಂಥದ್ದು. ಆದರೆ ಯಂತ್ರ ಮತ್ತು ಭವಿಷ್ಯ ಗಂಡಿನ ವಿಷಯವೆಂಬ ಭಾವನೆಯನ್ನು ಅದೇ ಯುದ್ಧ ಕಣ್ಣೆದುರೇ ಸುಳ್ಳಾಗಿಸುತ್ತಿತ್ತು. ಕ್ಲಾರ್ಕ್ ವಾಯುಪಡೆಯಲ್ಲಿ ರಾಡಾರ್ ಕೆಲಸದಲ್ಲಿದ್ದ ಕಾಲಕ್ಕೆ ರಾಡಾರ್ ಪರದೆಗಳ ಮುಂದೆ ಸಾವಿರಾರು ಹೆಂಗಸರು ಕುಳಿತಿದ್ದರು. ಸಂಕೇತ ಒಡೆಯುವ ಬ್ಲೆಚ್ಲಿ ಪಾರ್ಕ್‌ನ ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲು ಅವರೇ. ಆ ಗುಟ್ಟೂ 1970ರ ದಶಕದವರೆಗೆ ಹೊರಬರಲಿಲ್ಲ.

ಯುದ್ಧ ಮುಗಿದು ಒಂಬತ್ತು ವರ್ಷಕ್ಕೆ, 1954ರಲ್ಲಿ, ಹೆಂಗಸರದೇ ಎನ್ನಲಾದ 'ಫೆಮಿಜೀನ್' ಎಂಬ ಅಭಿಮಾನಿ ಪತ್ರಿಕೆ ಬಂತು. ಸಂಪಾದಕಿ ಜೋನ್ ಡಬ್ಲ್ಯೂ. ಕಾರ್. ಆ ಹೆಸರಿನ ಹೆಂಗಸೇ ಇರಲಿಲ್ಲ. ಸೈನ್ಯದಲ್ಲಿದ್ದ ಸ್ಯಾಂಡಿ ಸ್ಯಾಂಡರ್ಸನ್ ಎಂಬ ಅಭಿಮಾನಿ ಕಟ್ಟಿದ ಸೋಗು ಅದು. 1937ರ ಗಂಡು ಹೆಸರಿನ ಹಿಂದೆ ಹೆಣ್ಣು, 1954ರ ಹೆಣ್ಣು ಹೆಸರಿನ ಹಿಂದೆ ಗಂಡು. ಎರಡನ್ನೂ ಕಂಡ ಮೇಲೂ ಪಟ್ಟಿಯನ್ನೇ ಸಾಕ್ಷಿಯೆಂದು ಹಿಡಿಯುವ ಇತಿಹಾಸಕಾರರನ್ನು ನಂಬುವುದು ಕಷ್ಟ. ಅದೇ ದಶಕದಲ್ಲಿ ದಾದಿಯಾಗಿದ್ದ ಎಥೆಲ್ ಲಿಂಡ್ಸೆಯಂಥವರು ಸ್ವಂತ ಹೆಸರಿನಲ್ಲೇ ಬರೆಯುತ್ತಿದ್ದರು. 1962ರಲ್ಲಿ ಅಭಿಮಾನಿಗಳು ಮತ ಹಾಕಿ, ಚಂದಾ ಕೂಡಿಸಿ ಆಕೆಯನ್ನು ತಮ್ಮ ಪ್ರತಿನಿಧಿಯಾಗಿ ಅಮೆರಿಕಕ್ಕೆ ಕಳಿಸಿದರು. ಬರ್ಡೆಕಿನ್‌ಗೆ ಅಷ್ಟೂ ದಕ್ಕಲಿಲ್ಲ. ಆಕೆ 1963ರಲ್ಲಿ ತೀರಿಕೊಂಡಳು. ಹೆಂಗಸರೇ ಆಳುವ ಭವಿಷ್ಯವನ್ನು ಕಲ್ಪಿಸಿ 1930ರ ದಶಕದಲ್ಲಿ ಆಕೆ ಬರೆದಿಟ್ಟಿದ್ದ ಕಾದಂಬರಿ ಅಚ್ಚಾದದ್ದು 1989ರಲ್ಲಿ.