ಹಾಡಿಗೆ ಪರವಾನಗಿ, ಮಾತಿಗೆ?

1995ರಲ್ಲಿ ಸುಪ್ರೀಂ ಕೋರ್ಟು, ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ದೊಡ್ಡ ಮಾತು ಹೌದು. ಆದರೆ ‘ಸಾರ್ವಜನಿಕ’ ಎಂದ ಕೂಡಲೇ ನನಗೆ ನೆನಪಾಗುವುದು ಊರ ಬಾವಿ. ಅದೂ ಸಾರ್ವಜನಿಕವೇ ಆಗಿತ್ತಲ್ಲ! ಹಗ್ಗ ಯಾರ ಕೈಯಲ್ಲಿತ್ತು ಎಂಬುದಷ್ಟೇ ಪ್ರಶ್ನೆ.

ಬಾನುಲಿಯ ಹಗ್ಗ ಯಾರ ಕೈಯಲ್ಲುಂಟು? 2011ರ ಖಾಸಗಿ ಎಫ್.ಎಂ. ನೀತಿ ಲೆಕ್ಕ ಹಿಡಿದದ್ದು ಲಕ್ಷ ಜನಸಂಖ್ಯೆ ದಾಟಿದ ನಗರಗಳನ್ನು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಆ ಲೆಕ್ಕಕ್ಕೆ ಬರುವ ಪೇಟೆಗಳಲ್ಲ. ಉಳಿದದ್ದು ಸಮುದಾಯ ಬಾನುಲಿ. 2002ರಲ್ಲಿ ಅದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಕ್ಕಿತು. 2006ರಲ್ಲಿ, ನೋಂದಣಿಯಾಗಿ 3 ವರ್ಷ ಕಳೆದ ಸಂಘಸಂಸ್ಥೆಗಳಿಗೂ. ಸರಿ, ನಮ್ಮ ಪೇಟೆಗಳಲ್ಲಿ ಕಟ್ಟಡ, ಗೋಪುರ, ಲೆಕ್ಕಪತ್ರ ಇರುವುದು ಯಾರಿಗೆ? ಟ್ರಸ್ಟುಗಳಿಗೆ, ಕಾಲೇಜುಗಳಿಗೆ. ಕಾಲನಿಯ ಯುವಕ ಸಂಘಕ್ಕಲ್ಲ.

2006ರ ಆ ನಿಯಮವನ್ನು ಒಂದು ಪಠ್ಯವಾಗಿಯೇ ಓದಬೇಕು. ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಸ್ಥಳೀಯವಾಗಿ ತಯಾರಾಗಿರಬೇಕು ಎನ್ನುತ್ತದೆ. ಜತೆಗೇ, ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ್ದು ಕೂಡದು ಎನ್ನುತ್ತದೆ. ಆಮೇಲೆ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಬಿತ್ತರಿಸಬಹುದು ಎಂದರು. ದಿಲ್ಲಿಯ ಸುದ್ದಿ ಆಗಬಹುದು, ನಮ್ಮ ಓಣಿಯದ್ದು ಆಗದು!

ಅಂದರೆ ಎಂತ? ನಾಟಿಗದ್ದೆಯಲ್ಲಿ ನಮ್ಮ ತಾಯಂದಿರು ಹೇಳುವ ಪಾಡ್ದನ ಸಂಸ್ಕೃತಿ. ಹಾಡು ಮುಗಿಸಿ, ‘ಬ್ರಿಟಿಷರ ಕಾಲದಲ್ಲಿ ನಮಗೆಂದು ಕಾದಿರಿಸಿದ ಡಿ.ಸಿ. ಮನ್ನಾ ಭೂಮಿ ಈಗ ಯಾರ ಸ್ವಾಧೀನದಲ್ಲುಂಟು?’ ಎಂದು ಕೇಳಿದರೆ ಅದು ರಾಜಕೀಯ. ಕೊರಗರ ಡೋಲು ಪ್ರಸಾರಯೋಗ್ಯ. 2000ದ ಕಾಯ್ದೆ ನಿಷೇಧಿಸಿದ ಅಜಲು ಇಂಥಲ್ಲಿ ನಡೆಯಿತು ಎಂದು ಊರು ಹಿಡಿದು ಹೇಳಿದರೆ ಅದು ಸುದ್ದಿ. ಗೆರೆ ಎಳೆಯುವವರು ಯಾರೂ ಎದುರು ಬಂದು ನಿಲ್ಲಬೇಕಾಗಿಲ್ಲ. ಪರವಾನಗಿ ಹೋದೀತೆಂಬ ಹೆದರಿಕೆಯೇ ಸಾಕು.

ದಾರಿಯೇ ಇಲ್ಲ ಎನ್ನುತ್ತಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಪರವಾನಗಿ ಸಿಗದ ಕಾಲಕ್ಕೆ ‘ನಮ್ಮ ಧ್ವನಿ’ಯವರು ಕೇಬಲ್ಲಿನ ಮೂಲಕ ಮನೆಮನೆಗೆ ಧ್ವನಿ ಮುಟ್ಟಿಸಿದರು. ಗಾಳಿ ಕೊಡದಿದ್ದರೆ ತಂತಿ.

ಆದರೆ ಸರಕಾರವನ್ನು ಮಾತ್ರ ಬೈದು ಕೂತರೆ ಸಾಲದು. ನಮ್ಮ ವಿಮರ್ಶೆಯೂ ಇದೇ ಪರವಾನಗಿಯನ್ನೇ ಹಂಚುತ್ತ ಬಂದಿದೆ. ಪಾಡ್ದನವನ್ನು ಮೌಖಿಕ ಪರಂಪರೆ ಎಂದು ಕೊಂಡಾಡಿ, ಹಾಡಿದಾಕೆಯನ್ನು ‘ವಕ್ತೃ’ ಎಂದು ಅಡಿಟಿಪ್ಪಣಿಗೆ ಇಳಿಸಿದವರು ನಾವು. ವಕ್ತೃ ಎಂದರೆ ಮಾತಾಡುವವರು. ಮಾತಾಡಲು ಬಿಟ್ಟೆವೆ?

ನಾನೇ ಬಂಟ್ವಾಳದ ಕಡೆಯ ಒಂದು ಕಾಲನಿಯಲ್ಲಿ, ಹಾಡು ಮುಗಿದ ಕೂಡಲೇ ಟೇಪು ನಿಲ್ಲಿಸಿದ್ದೇನೆ. ಆ ಮೇಲೆ ಅಜ್ಜಿ ತಾಸುಗಟ್ಟಲೆ ಹೇಳಿದ್ದು ಕೈತಪ್ಪಿದ ಗದ್ದೆಯ ವಿಷಯ. ಹಾಡು ನನ್ನ ಹತ್ತಿರ ಉಂಟು. ಆ ಮಾತು ಇಲ್ಲ.