ನೆಟ್‌ವರ್ಕನ್ನು ಮುಚ್ಚಿಟ್ಟ ಪಂಥ

ವೆಬ್ ಅಪ್ಲಿಕೇಶನ್ ಕಟ್ಟುವವರಲ್ಲಿ ಒಂದು ಹಳೆಯ ಪಂಥವಿದೆ. ಪರದೆಯ ಮೇಲೆ ಏನು ಕಾಣಬೇಕೆಂದು ಸರ್ವರ್ ತೀರ್ಮಾನಿಸಲಿ, ಬ್ರೌಸರ್ ಅದನ್ನು ತೋರಿಸಿದರೆ ಸಾಕು ಎಂಬುದು ಅದರ ನಂಬಿಕೆ. 2002ರಲ್ಲಿ ಮೈಕ್ರೋಸಾಫ್ಟ್ ತಂದ ವೆಬ್ ಫಾರ್ಮ್ಸ್, ಜಾವಾದ ಜೆಎಸ್‌ಎಫ್, ಫಿನ್ಲೆಂಡಿನ ವಾಡಿನ್, ಈಚಿನ ಬ್ಲೇಜರ್ ಸರ್ವರ್, ಎಲಿಕ್ಸಿರ್ ಭಾಷೆಯ ಫೀನಿಕ್ಸ್ ಲೈವ್‌ವ್ಯೂ ಎಲ್ಲವೂ ಈ ಬಳಗದವೇ. ಜಾವಾಸ್ಕ್ರಿಪ್ಟ್ ಬರೆಯುವ ಗೋಜಿಲ್ಲ ಎಂಬುದೇ ಇವುಗಳ ಬಗ್ಗೆ ಹೆಚ್ಚಾಗಿ ಕೇಳಿಬರುವ ಹೊಗಳಿಕೆ. ನನ್ನ ಮಟ್ಟಿಗೆ ಅದು ಈ ಪಂಥದ ಅತಿ ಸಣ್ಣ ಗುಣ. ಅಪ್ಲಿಕೇಶನ್ನಿನ ನಿಯಮಗಳೂ ಅದರ ಸದ್ಯದ ಸ್ಥಿತಿಯೂ ಒಂದೇ ಕಡೆ ಉಳಿಯುತ್ತವಲ್ಲ, ಅದೇ ಇದರ ನಿಜವಾದ ಬಲ. ನಡುವೆ ನೆಟ್‌ವರ್ಕ್ ಇದೆ ಎಂಬ ಸಂಗತಿಯನ್ನೇ ಡೆವಲಪರ್‌ನಿಂದ ಮುಚ್ಚಿಟ್ಟದ್ದು ಇದರ ದೊಡ್ಡ ದೋಷ.

ನಮ್ಮವರಿಗೆಲ್ಲ ಪರಿಚಯವಿರುವ ಒಂದು ಅರ್ಜಿಯನ್ನೇ ತೆಗೆದುಕೊಳ್ಳೋಣ. ಜಿಲ್ಲೆ ಆರಿಸಿದರೆ ತಾಲ್ಲೂಕುಗಳ ಪಟ್ಟಿ, ತಾಲ್ಲೂಕು ಆರಿಸಿದರೆ ಹೋಬಳಿಗಳ ಪಟ್ಟಿ ತೆರೆದುಕೊಳ್ಳಬೇಕು. ಬ್ರೌಸರಿನಲ್ಲೇ ಪೂರ್ತಿ ಅಪ್ಲಿಕೇಶನ್ ಓಡಿಸುವ ಪದ್ಧತಿಯಲ್ಲಿ ಇದಕ್ಕೊಂದು ಎಪಿಐ ಬೇಕು, ಬಂದ ಮಾಹಿತಿಯನ್ನು ಇಟ್ಟುಕೊಳ್ಳುವ ವ್ಯವಸ್ಥೆ ಬೇಕು. ಯಾವ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದ್ದು ಎಂಬ ತಪಾಸಣೆಯನ್ನು ಅಲ್ಲೂ ಬರೆಯಬೇಕು, ಬ್ರೌಸರನ್ನು ನಂಬಲಾಗದ್ದರಿಂದ ಸರ್ವರಿನಲ್ಲೂ ಬರೆಯಬೇಕು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಅಂಥ ಬದಲಾವಣೆ ಒಂದು ಕಡೆ ಸೇರಿ ಇನ್ನೊಂದು ಕಡೆ ತಪ್ಪಿದರೆ ಹೊಸಪೇಟೆಯವರ ಅರ್ಜಿ ಪರದೆಯಲ್ಲಿ ಸರಿ ಎನಿಸಿಕೊಂಡು ಸರ್ವರಿನಲ್ಲಿ ತಿರಸ್ಕೃತವಾಗುತ್ತದೆ. ಎಚ್ಚರದಿಂದ ಬರೆದರೆ ಇದನ್ನು ತಪ್ಪಿಸಬಹುದು, ನಿಜ. ಆದರೆ ವರ್ಷಗಟ್ಟಲೆ, ಕೈಯಿಂದ ಕೈಗೆ ದಾಟುವ ಕೋಡಿನಲ್ಲಿ ಆ ಎಚ್ಚರ ಉಳಿಯುವುದು ಕಷ್ಟ. ನಿಯಮ ಒಂದೇ ಕಡೆ ಇದ್ದರೆ ತಿದ್ದಬೇಕಾದ್ದೂ ಒಂದೇ ಕಡೆ.

ಇದೇ ಅರ್ಜಿಯನ್ನು ವೆಬ್ ಫಾರ್ಮ್ಸ್ ಹೇಗೆ ನಡೆಸುತ್ತಿತ್ತು? ಡ್ರಾಪ್‌ಡೌನ್‌ಗೆ ಆಟೋಪೋಸ್ಟ್‌ಬ್ಯಾಕ್ ಎಂಬ ಗುಣ ಹಚ್ಚಿದರೆ ಮುಗಿಯಿತು. ವಿಶುವಲ್ ಬೇಸಿಕ್‌ನಲ್ಲಿ ಬಟನ್ನಿಗೆ ಕೋಡ್ ಬರೆದಷ್ಟೇ ಸಲೀಸು. ಆದರೆ ಜಿಲ್ಲೆ ಆರಿಸಿದ ಕೂಡಲೇ ಇಡೀ ಫಾರ್ಮ್ ಸರ್ವರಿಗೆ ಹೋಗಿ ಇಡೀ ಪುಟ ಹೊಸದಾಗಿ ಬರುತ್ತಿತ್ತು. ಪುಟದ ಸ್ಥಿತಿಯನ್ನು ನೆನಪಿಡಲು ವ್ಯೂಸ್ಟೇಟ್ ಎಂಬ ಮರೆಯ ಫೀಲ್ಡ್ ಇರುತ್ತಿತ್ತು. ದೊಡ್ಡ ಕೋಷ್ಟಕವಿರುವ ಪುಟದಲ್ಲಿ ಅದು ಬೇಸ್64 ಅಕ್ಷರಗಳಾಗಿ, ಅಂದರೆ ಮೂಲಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಗಾತ್ರದಲ್ಲಿ, ಪ್ರತಿ ಕ್ಲಿಕ್ಕಿಗೂ ಹೋಗಿ ಬರುತ್ತಿತ್ತು. ಕೋಡ್ ಓದಿದವರಿಗೆ ಈ ಓಡಾಟ ಎಲ್ಲೂ ಕಾಣುತ್ತಿರಲಿಲ್ಲ. ಆಫೀಸಿನ ಒಳಗಿನ ನೆಟ್‌ವರ್ಕಿನಲ್ಲಿ ಚುರುಕಾಗಿ ಕಂಡದ್ದು ಹೊರಗಿನ ನಿಧಾನದ ಲೈನಿನಲ್ಲಿ ತೆವಳಲು ಇದೇ ಕಾರಣ. ಇಡೀ ಪಂಥಕ್ಕೆ ಕೆಟ್ಟ ಹೆಸರು ಬಂದದ್ದೂ ಬಹುಪಾಲು ಇದರಿಂದಲೇ, ಮತ್ತು ಆ ಹೆಸರು ಅನ್ಯಾಯವಾಗಿ ಬಂದದ್ದಲ್ಲ.

ಕ್ರಿಸ್ ಮೆಕ್‌ಕಾರ್ಡ್ 2018ರಲ್ಲಿ ಪ್ರಕಟಿಸಿದ ಲೈವ್‌ವ್ಯೂ ಭಿನ್ನವಾಗುವುದು ಇಲ್ಲಿ. ಮೊದಲು ಸಾದಾ ಎಚ್‌ಟಿಎಂಎಲ್ ಪುಟ ಬರುತ್ತದೆ, ಆಮೇಲೆ ವೆಬ್‌ಸಾಕೆಟ್ ಸಂಪರ್ಕ ತೆರೆಯುತ್ತದೆ. ಟೆಂಪ್ಲೇಟಿನ ಬದಲಾಗದ ಭಾಗ ಒಂದು ಸಲ ಹೋದರೆ ಸಾಕು. ಜಿಲ್ಲೆ ಬದಲಿಸಿದಾಗ ತಾಲ್ಲೂಕುಗಳ ಹೊಸ ಹೆಸರುಗಳು ಮಾತ್ರ ಬರುತ್ತವೆ. ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಅದರ ಪ್ರಾಮಾಣಿಕತೆ. ಟೈಪ್ ಮಾಡಿದ ಪ್ರತಿ ಅಕ್ಷರವನ್ನೂ ಕಳಿಸದೆ ತುಸು ಕಾಯಲು ಡಿಬೌನ್ಸ್ ಇದೆ, ಮೆನು ತೆರೆಯುವಂಥ ಕೆಲಸವನ್ನು ಬ್ರೌಸರಿನಲ್ಲೇ ಮುಗಿಸುವ ಸೂಚನೆಗಳಿವೆ. ಸಂಪರ್ಕ ಕಡಿದು ಮತ್ತೆ ಕೂಡಿದಾಗ, ಸರಿಯಾಗಿ ಬರೆದ ಫಾರ್ಮಿನಲ್ಲಿ ತುಂಬಿದ್ದನ್ನು ಬ್ರೌಸರೇ ಮರಳಿ ಕಳಿಸುತ್ತದೆ. ನೆಟ್‌ವರ್ಕ್ ಇದೆ, ಅದು ಕೈಕೊಡುತ್ತದೆ ಎಂದು ಒಪ್ಪಿಕೊಂಡೇ ಮಾಡಿದ ವಿನ್ಯಾಸವಿದು.

ಆಕ್ಷೇಪಗಳು ಹಗುರವಾದವಲ್ಲ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಮಾತ್ರ ಬಳಕೆದಾರರಿಗೆ ಅದು ತಕ್ಷಣ ಆದಂತೆ ಅನಿಸುತ್ತದೆ ಎಂದು ಯಾಕೊಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಒಮ್ಮೆ ಹೋಗಿ ಬರಲು ಸುಮಾರು ಅದರ ಎರಡರಷ್ಟು ಹೊತ್ತು ಬೇಕು. ಸರ್ವರನ್ನು ಮುಂಬೈಗೆ ತಂದರೆ ಅರ್ಜಿಗಳಿಗೆ, ಲೆಕ್ಕಪತ್ರಗಳಿಗೆ ಈ ತೊಂದರೆ ನೀಗುತ್ತದೆ. ಬೆರಳಿನೊಂದಿಗೇ ಗೆರೆ ಸಾಗಬೇಕಾದ ಚಿತ್ರ ಬಿಡಿಸುವ ತಂತ್ರಾಂಶಕ್ಕೆ ನೀಗುವುದಿಲ್ಲ. ಪ್ರತಿ ಬಳಕೆದಾರರ ಸ್ಥಿತಿಯನ್ನೂ ಸರ್ವರ್ ಹೊತ್ತರೆ ಮೆಮೊರಿ ಸಾಲದು ಎಂಬುದು ಇನ್ನೊಂದು ಮಾತು. ಇದಕ್ಕೆ ಉತ್ತರವಾಗಿ, 2015ರಲ್ಲಿ ಫೀನಿಕ್ಸ್ ತಂಡ ಒಂದೇ ಯಂತ್ರದಲ್ಲಿ 20 ಲಕ್ಷ ಸಂಪರ್ಕಗಳನ್ನು ನಿಭಾಯಿಸಿದ್ದನ್ನು ಮುಂದಿಡುವುದುಂಟು. ಆ ಯಂತ್ರಕ್ಕೆ 40 ಕೋರ್, 128 ಜಿಬಿ ಮೆಮೊರಿ ಇತ್ತು; ಅವು ಬರೀ ಸಂಪರ್ಕಗಳು, ತುಂಬಿದ ಫಾರ್ಮುಗಳಲ್ಲ. ಹಾಗಾಗಿ ಆ ಉತ್ತರ ಅರ್ಧ ಮಾತ್ರ ನಿಲ್ಲುತ್ತದೆ. ಸೆಷನ್ನಿನಲ್ಲಿ ಏನಿಡಬೇಕು, ಏನನ್ನು ಡೇಟಾಬೇಸಿಗೆ ಬಿಡಬೇಕು ಎಂಬ ಶಿಸ್ತು ಡೆವಲಪರ್‌ನಿಂದಲೇ ಬರಬೇಕು.

ಸಿಗ್ನಲ್ ಹೋದಾಗ ಏನು ಎಂಬುದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಬ್ಲೇಜರ್ ಸರ್ವರ್ ಕಡಿದ ಸಂಪರ್ಕದ ಸ್ಥಿತಿಯನ್ನು ತಾನಾಗಿ ಕಾಯ್ದಿಡುತ್ತಿದ್ದುದು 3 ನಿಮಿಷ. ಘಾಟಿ ದಾಟುವ ಬಸ್ಸಿನಲ್ಲಿ ಕೂತು ಅರ್ಜಿ ತುಂಬುವವರಿಗೆ ಅದು ಸಾಲದು, ಕರಡನ್ನು ಆಗಾಗ ಡೇಟಾಬೇಸಿಗೆ ಉಳಿಸಲೇಬೇಕು. ಇನ್ನು ಸಿಗ್ನಲ್ಲೇ ಇಲ್ಲದ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವವರ ಕೈಗೆ ಈ ಪಂಥದ ಅಪ್ಲಿಕೇಶನ್ ಕೊಡಲೇಬಾರದು. ಅಲ್ಲಿ ನಿಯಮಗಳನ್ನು ಎರಡು ಕಡೆ ಬರೆಯುವ ಕಷ್ಟವನ್ನು ಒಪ್ಪಿಕೊಂಡು ಫೋನಿನಲ್ಲೇ ಎಲ್ಲವನ್ನೂ ಇಡುವುದು ಸರಿಯಾದ ದಾರಿ.